ಅಡ್ಡ ಹಿಡಿದ ಕೋಲು

ಮಧುಗಿರಿ
14 ಫೆಬ್ರವರಿ 2025

ಅಂಜಿನಮೂರ್ತಿಗೆ,

‘ನಡೆದವರ ಹೆಜ್ಜೆ ದಾರಿಗೆ ನೆನಪಿರುತ್ತದೆ.’ ಎಲ್ಲೋ ಓದಿದ ಸಾಲು. ಯಾರದು, ಮುಂದಿನ ಸಾಲೇನು, ನೆನಪಾಗುತ್ತಿಲ್ಲ. ಮೂರು ದಿನದಿಂದ ತಲೆಯಲ್ಲಿ ಇದೇ ಸುತ್ತುತ್ತಿದೆ. ಸುತ್ತಿದಷ್ಟೂ ಇದು ಶುದ್ಧ ಸುಳ್ಳು ಅನ್ನಿಸುತ್ತಿದೆ. ದಾರಿಗೆ ಏನೂ ನೆನಪಿರುವುದಿಲ್ಲ. ಮಂಗಳವಾರ ಬೆಳಿಗ್ಗೆ ಶಿರಾದಲ್ಲಿ, ಬುಕ್ಕಾಪಟ್ಟಣದ ರಸ್ತೆ ಬಂದು ಸೇರುವ ಸರ್ಕಲ್ಲಿನಲ್ಲಿ, ನೀನು ಒಬ್ಬ ಮುದುಕನನ್ನು ಹೊಡೆದು ಕೆಡವಿದೆ. ಸಂಜೆ ನಾನು ಅದೇ ದಾರಿಯಲ್ಲಿ ವಾಪಸ್ ಬಂದಾಗ ಅವನು ಬಿದ್ದಿದ್ದ ಜಾಗದಲ್ಲಿ ಕಲ್ಲಂಗಡಿ ಗಾಡಿ ನಿಂತಿತ್ತು. ಹೆಂಗಸೊಬ್ಬಳು ಹಣ್ಣು ತಟ್ಟಿ ತಟ್ಟಿ ನೋಡುತ್ತಿದ್ದಳು.

ಮೂರು ಸಲ ಫೋನ್ ಮಾಡಿದೆ. ಮೂರು ಸಲವೂ ನೀನು ಕಟ್ ಮಾಡಿದೆ. ಅದಕ್ಕೇ ಈ ಕಾಗದ. ಹರಿದು ಎಸೆಯಬಹುದು, ಆದರೆ ಎಸೆಯುವ ಮುಂಚೆ ಒಂದು ಸಲ ಓದುತ್ತೀಯ. ಹಾಸ್ಟೆಲಿನಿಂದ ನಾನು ಬರೆದ ಕಾಗದಗಳನ್ನೆಲ್ಲ ಅಪ್ಪನಿಗೆ ಓದಿ ಹೇಳಿದವನು ನೀನೇ ಅಲ್ಲವೇ.

ಚಿಕ್ಕಪ್ಪನ ಮೊಮ್ಮಗುವಿನ ನಾಮಕರಣಕ್ಕೆಂದು ಕಾಲೇಜಿಗೆ ರಜೆ ಹಾಕಿ ಊರಿಗೆ ಹೊರಟಿದ್ದೆ. ಶಿರಾದಲ್ಲಿ ಬಸ್ಸು ಬದಲಿಸಿ ಕಿಟಕಿ ಪಕ್ಕ ಕೂತಿದ್ದೆ. ಸರ್ಕಲ್ಲಿನ ಹತ್ತಿರ ಬಸ್ಸು ನಿಂತಿತು. ‘ಯಾವನೋ ಮಂತ್ರಿ ಬತ್ತಾವ್ನಂತೆ, ಎಲ್ರೂ ಉಸಿರು ಬಿಗಿ ಹಿಡ್ಕಂಡ್ ಕೂತ್ಕಳಿ’ ಎಂದ ಕಂಡಕ್ಟರ್. ಎಲ್ಲರೂ ನಕ್ಕರು, ನಾನೂ ನಕ್ಕೆ. ಮುಂದೆ ರಸ್ತೆಯ ತುಂಬ ಕುರಿ. ಅರ್ಧ ಮಂದೆ ಆಚೆ ದಾಟಿತ್ತು, ಅರ್ಧ ಈಚೆ ಇತ್ತು. ನಡುವೆ ಕಂಬಳಿ ಹೆಗಲಿನ ಒಬ್ಬ ಮುದುಕ ಕೋಲನ್ನು ಅಡ್ಡ ಹಿಡಿದು ನಿಂತಿದ್ದ.

ಅದನ್ನು ನೋಡಿ ನನಗೆ ಎಷ್ಟು ಸಂತೋಷವಾಯಿತು ಗೊತ್ತೇ? ಪಕ್ಕದಲ್ಲಿದ್ದ ಹೆಂಗಸಿಗೆ ಹೇಳಿದೆ: ನಮ್ಮಪ್ಪನೂ ಹೀಗೇ ನಿಲ್ಲುತ್ತಿದ್ದ. ಕೋಲು ಅಡ್ಡ ಇದ್ದರೆ ಮಂದೆಗೆ ಅದೇ ಬಾಗಿಲು. ಕೊನೆಯ ಮರಿ ದಾಟುವ ತನಕ ಇಳಿಸುವ ಹಾಗಿಲ್ಲ. ಇಳಿಸಿದರೆ ಹಿಂದಿನ ಕುರಿಗಳು ದಿಕ್ಕು ತಪ್ಪಿ ಗಾಡಿಗಳ ನಡುವೆ ನುಗ್ಗುತ್ತವೆ.

ಇದನ್ನು ನಾನು ಆ ಹೆಂಗಸಿಗೆ ಹೇಳಬೇಕಾಗಿತ್ತು. ನಿನಗೆ ಹೇಳಬೇಕಾಗಿರಲಿಲ್ಲ. ಹನ್ನೆರಡು ವರ್ಷದವನಿದ್ದಾಗ ಕಳ್ಳಂಬೆಳ್ಳದ ಹತ್ತಿರ ಲಾರಿಯವನು ಹಾರನ್ ಹೊಡೆದನೆಂದು ಬೆದರಿ ಕೋಲು ಕೆಳಗೆ ಬಿಟ್ಟವನು ನೀನು. ಒಂಬತ್ತು ಕುರಿ ಸತ್ತವು. ಅಪ್ಪ ಅವುಗಳನ್ನು ಒಂದೊಂದಾಗಿ ಎಳೆದು ರಸ್ತೆ ಬದಿಗೆ ಹಾಕಿದ. ನಿನ್ನ ಮೈಮೇಲೆ ಒಂದು ಏಟೂ ಬೀಳಲಿಲ್ಲ. ಅಪ್ಪ ಆ ಕೋಲಿನಿಂದ ಕುರಿಗೂ ಹೊಡೆದವನಲ್ಲ, ನೆಲಕ್ಕೆ ಬಡಿಯುತ್ತಿದ್ದ, ಅಷ್ಟೆ.

ಆಮೇಲೆ ಜೀಪಿನಿಂದ ಇಳಿದು ಬಂದ ಪೊಲೀಸಿನವನನ್ನು ನೋಡಿದೆ. ನಡಿಗೆಯಲ್ಲೇ ನೀನೆಂದು ಗೊತ್ತಾಯಿತು. ನೀನು ಏನೋ ಕೂಗಿದೆ. ಅವನು ತಲೆ ಆಡಿಸಿದ. ನೀನು ಹೊಡೆದೆ. ಅವನ ಬಾಯಿ ಏನೋ ಅಂದದ್ದು ಕಾಣಿಸಿತು, ಕೇಳಿಸಲಿಲ್ಲ. ನೀನು ಮತ್ತೆ ಹೊಡೆದೆ. ನಾನು ಎಣಿಸಿದೆ. ಒಟ್ಟು ಐದು. ಕೊನೆಯ ಎರಡು ಅವನು ನೆಲದಲ್ಲಿದ್ದಾಗ.

ಪೊಲೀಸರ ಕೈಯಲ್ಲಿ ಲಾಠಿ ಇರಬಾರದು ಎಂದು ನಾನು ಹೇಳುವವಳಲ್ಲ. ಗಣೇಶನ ಮೆರವಣಿಗೆಯ ಗಲಾಟೆಯಲ್ಲಿ ಬಾಟಲಿ ಹಿಡಿದವರಿಗೂ ಅಂಗಡಿಗಳಿಗೂ ನಡುವೆ ನೀನು ನಿಂತದ್ದನ್ನು ಕಾಲೇಜಿನಲ್ಲೆಲ್ಲ ಹೇಳಿಕೊಂಡು ತಿರುಗಿದವಳು ನಾನು. ಮೊದಲ ಏಟು ಹೆದರಿಕೆಯದು ಅನ್ನು, ಅವಸರದ್ದು ಅನ್ನು, ಒಪ್ಪುತ್ತೇನೆ. ಉಳಿದ ನಾಲ್ಕಕ್ಕೆ ಏನು ಹೆಸರು? ಬಿದ್ದವನಿಗೆ ಹೊಡೆಯುವುದನ್ನು ನಿಮ್ಮ ಯಾವ ಪುಸ್ತಕದಲ್ಲಿ ಕರ್ತವ್ಯ ಎಂದು ಬರೆದಿದೆ?

ಒಂದು ಮಾತು. ನಿಮ್ಮ ಮಂತ್ರಿಯ ಕಾರು ಆ ದಾರಿಯಲ್ಲಿ ಬರಲೇ ಇಲ್ಲ. ಬೈಪಾಸಿನಲ್ಲಿ ಹೋಯಿತಂತೆ.

ಉತ್ತರ ಬರಿ.

ನಿನ್ನ ಅಕ್ಕ,
ಶಾಂತಕುಮಾರಿ


ಶಿರಾ
3 ಮಾರ್ಚ್ 2025

ಅಕ್ಕನವರಿಗೆ ನಮಸ್ಕಾರಗಳು.

ತಮ್ಮ ಪತ್ರ ತಲುಪಿತು. ತಿಳಿಸುವುದೇನೆಂದರೆ, ದಿನಾಂಕ 11ರಂದು ಬೆಳಿಗ್ಗೆ ಗಣ್ಯರ ಸಂಚಾರದ ಬಂದೋಬಸ್ತ್ ಕರ್ತವ್ಯದಲ್ಲಿದ್ದಾಗ, ಆರೋಪಿ ಕ್ಯಾತಪ್ಪ ಎಂಬುವವರು ಸುಮಾರು ಐದು ಅಡಿ ಉದ್ದದ ದೊಣ್ಣೆಯೊಂದಿಗೆ ರಸ್ತೆಗೆ ಅಡ್ಡಲಾಗಿ ನಿಂತು, ಕೆಳಗಿಡುವಂತೆ ಮೂರು ಬಾರಿ ಸೂಚಿಸಿದಾಗ್ಯೂ ಇಡದೆ, ಸದರಿ ದೊಣ್ಣೆಯನ್ನು ತಲೆಯ ಮೇಲೆ ಎತ್ತಿ ಹಲ್ಲೆಗೆ ಯತ್ನಿಸಿರುತ್ತಾರೆ. ಪರಿಸ್ಥಿತಿಯನ್ನು ಹತೋಟಿಗೆ ತರಲು ಕನಿಷ್ಠ ಬಲಪ್ರಯೋಗ ಮಾಡಲಾಗಿರುತ್ತದೆ. ಸರ್ಕಾರಿ ಕೆಲಸಕ್ಕೆ ಅಡ್ಡಿಪಡಿಸಿದ ಬಗ್ಗೆ ಪ್ರಕರಣ ದಾಖಲಾಗಿದೆ. ದೊಣ್ಣೆಯನ್ನು ಪಂಚನಾಮೆ ಮಾಡಿ ವಶಕ್ಕೆ ಪಡೆಯಲಾಗಿದೆ.

ಇದಕ್ಕಿಂತ ಹೆಚ್ಚು ಬರೆಯಬಾರದು. ಆದರೂ ಬರೆಯುತ್ತೇನೆ. ಆ ದಿನ ಬೆಳಗಿನ ಜಾವ ನಾಲ್ಕರಿಂದ ನಿಂತಿದ್ದೆ. ವೈರ್‌ಲೆಸ್ಸಿನಲ್ಲಿ ನಿಮಿಷಕ್ಕೊಂದು ಸಲ ಬೈಗುಳ. ಹೋದ ವರ್ಷ ನನ್ನ ಜೊತೆಯವನೊಬ್ಬನ ತಲೆಗೆ ಇಂಥದೇ ಕೋಲಿನಿಂದ ಹೊಡೆದರು. ಇವತ್ತಿಗೂ ಅವನಿಗೆ ಸ್ವಂತ ಮಗಳ ಹೆಸರು ಹುಡುಕಿದರೆ ಸಿಗುವುದಿಲ್ಲ. ಯಾರ ಕೋಲು ಏಳುತ್ತದೆ, ಯಾರದು ಏಳುವುದಿಲ್ಲ ಎಂದು ನಮಗೆ ಮೊದಲೇ ಯಾರೂ ಬರೆದುಕೊಡುವುದಿಲ್ಲ. ಪದ್ಯ ಓದುವವರು ನಿಧಾನವಾಗಿ ಯೋಚಿಸಬಹುದು. ನಮಗೆ ಸಿಗುವುದು ಅರ್ಧ ಕ್ಷಣ.

ಈ ವಿಷಯದಲ್ಲಿ ತಾವು ದೂರ ಇರುವುದು ಒಳ್ಳೆಯದು.

ಇಂತಿ,
ಅಂಜಿನಮೂರ್ತಿ ಡಿ.
ಹೆಡ್ ಕಾನ್‌ಸ್ಟೆಬಲ್


ಮಧುಗಿರಿ
10 ಮಾರ್ಚ್ 2025

ಮೂರ್ತಿ,

ಹುಟ್ಟಿದಾಗ ನಿನ್ನನ್ನು ಸೊಂಟದಲ್ಲಿ ಹೊತ್ತು ತಿರುಗಿದವಳಿಗೆ ‘ತಾವು’ ಎಂದು ಬರೆದಿದ್ದೀಯ. ಕೆಳಗೆ ಹುದ್ದೆ ಬೇರೆ ಹಾಕಿದ್ದೀಯ. ಸೀಲ್ ಒತ್ತುವುದು ಮರೆತೆಯಾ?

‘ತಲೆಯ ಮೇಲೆ ಎತ್ತಿ.’ ಈ ಮೂರು ಪದ ಬರೆಯುವಾಗ ನಿನ್ನ ಕೈ ಒಂದು ಚೂರೂ ತಡೆಯಲಿಲ್ಲವೇ? ಅರ್ಧ ಕ್ಷಣದ ಮಾತು ಹೇಳುತ್ತೀಯಲ್ಲ, ಹೊಡೆಯುವುದಕ್ಕೆ ಅರ್ಧ ಕ್ಷಣ ಸಾಕಾಗಿರಬಹುದು. ಈ ಸುಳ್ಳು ಬರೆಯುವುದಕ್ಕೆ ಠಾಣೆಯಲ್ಲಿ ಇಡೀ ಮಧ್ಯಾಹ್ನ ಇತ್ತು. ಕುರ್ಚಿ ಇತ್ತು. ಫ್ಯಾನಿತ್ತು. ಬಹುಶಃ ಯಾರೋ ಟೀ ತಂದುಕೊಟ್ಟರು.

ನಿನ್ನೆ ಭಾನುವಾರ ಕ್ಯಾತಪ್ಪನ ಊರಿಗೆ ಹೋಗಿದ್ದೆ. ಬುಕ್ಕಾಪಟ್ಟಣದಿಂದ ಆಟೋದಲ್ಲಿ ಅರ್ಧ ಗಂಟೆ. ಮನೆಯ ಮುಂದೆ ಅವನ ಹೆಂಡತಿ ಕರಿಯಕ್ಕ ಹುರುಳಿ ಒಣಹಾಕುತ್ತಿದ್ದಳು. ನಾನು ಹೆಸರು ಹೇಳುವ ಮುಂಚೆಯೇ ಮುಖ ನೋಡಿದಳು.

‘ಆ ಪೊಲೀಸ್ನೋನ ಅಕ್ಕ ಅಲ್ವೇನಮ್ಮ ನೀನು? ನಿಮ್ ಮನೆಯೋರಿಗೆಲ್ಲ ಒಂದೇ ಮೂಗು. ಬಾ, ಕುಂತ್ಕ. ಮಜ್ಜಿಗೆ ಕುಡಿತೀಯಾ, ಇಲ್ಲಾ ಅದುಕ್ಕೂ ಪಂಚನಾಮೆ ಮಾಡ್ತೀಯಾ?’

ಮಜ್ಜಿಗೆ ಕುಡಿದೆ. ಬೇರೆ ಏನು ಮಾಡಲಿ. ಉಪ್ಪು ಜಾಸ್ತಿ ಹಾಕಿದ್ದಳು, ಬೇಕೆಂದೇ ಹಾಕಿರಬೇಕು.

ಕ್ಯಾತಪ್ಪ ಜಗಲಿಯ ಮೇಲೆ ಕೂತಿದ್ದ. ಅರವತ್ತನಾಲ್ಕು ವರ್ಷ. ಬಲಗೈಗೆ ಮೊಣಕೈ ತನಕ ಪಟ್ಟಿ. ಮಣಿಕಟ್ಟಿನ ಮೂಳೆ ಎರಡು ಕಡೆ ಮುರಿದಿದೆ. ಎಡಗಿವಿಯಲ್ಲಿ ಸದಾ ಗುಂಯ್ ಅನ್ನುತ್ತದಂತೆ, ಅದಕ್ಕೇ ಬಲಗಿವಿಯನ್ನು ನನ್ನ ಕಡೆ ತಿರುಗಿಸಿಕೊಂಡು ಮಾತಾಡಿದ. ಬೈಯಲಿಲ್ಲ. ನಿನ್ನನ್ನು ಬೈದಿದ್ದರೆ ನನಗೆ ಹಗುರಾಗುತ್ತಿತ್ತು.

ಆ ದಿನ ನೀನು ಮೊದಲ ಏಟು ಹೊಡೆದ ಮೇಲೆ ಅವನು ಏನಂದ ಎಂದು ಕೇಳಿದೆ. ಅವನ ಮಾತನ್ನು ಇದ್ದ ಹಾಗೆ ಬರೆಯುತ್ತೇನೆ:

‘ಕೋಲು ಇಳ್ಸು ಅಂದ. ಇನ್ನೊಂದಿಪ್ಪತ್ತು ಅವೆ ಸ್ವಾಮಿ, ಮರಿಗಳು ಹಿಂದವೆ ಅಂದೆ. ಹೊಡುದ್ಬುಟ್ಟ. ಏಟ್ ಬಿದ್ದಾಗ ಮುಖ ಸರಿಯಾಗ್ ನೋಡ್ದೆ ಕಣವ್ವ. ನಮ್ ದೊಡ್ಡರಂಗಪ್ಪನ ಮಗ! ನಾನೂ ನಿಮ್ಮಪ್ಪನೂ ಎಷ್ಟ್ ಸಲ ಒಂದೇ ಹೊಲ್ದಲ್ಲಿ ಮಂದೆ ನಿಲ್ಸಿದೀವಿ. ನಂಗೆ ಜೀವ ಬಂದಂಗಾಯ್ತು, ನಮ್ ಹುಡ್ಗನೇ ಅಂತ. “ಲೇ, ನೀನು ದೊಡ್ಡರಂಗಪ್ಪನ ಮಗ ಅಲ್ವೇನ್ಲಾ? ಕೋಲು ಇಳ್ಸಂಗಿಲ್ಲ ಅಂತ ನಿಂಗೊತ್ತಿಲ್ವೇನ್ಲಾ?” ಅಂದೆ. ಅಷ್ಟೇ ನಾನಂದಿದ್ದು. ಆಮೇಲೆ ನಾಕು ಬಿತ್ತು.’

ಕರಿಯಕ್ಕ ಒಳಗಿನಿಂದ ಕೂಗಿದಳು: ‘ನಂಟಸ್ತನ ಹುಡುಕ್ದ ನನ್ ಗಂಡ, ನಡು ರಸ್ತೇಲಿ! ಸಾಹೇಬ್ರೇ ಅಂದಿದ್ರೆ ಕೈ ಉಳೀತಿತ್ತು.’

ಮೂರ್ತಿ, ನಾಲ್ಕು ಏಟಿಗೆ ಏನು ಹೆಸರು ಎಂದು ಹಿಂದಿನ ಕಾಗದದಲ್ಲಿ ಕೇಳಿದ್ದೆ. ಈಗ ಗೊತ್ತಾಯಿತು. ನೀನು ಹೊಡೆದದ್ದು ಕೋಲು ಹಿಡಿದ ಕೈಗಲ್ಲ, ಅಪ್ಪನ ಹೆಸರು ಹೇಳಿದ ಬಾಯಿಗೆ. ಕಂಬಳಿ ಹೊದ್ದ ಒಬ್ಬ ಮುದುಕ ನಿನ್ನ ಜೀಪಿನ ಮುಂದೆ, ನಿನ್ನವರ ಮುಂದೆ, ನೀನು ಯಾರ ಮಗ ಎಂದು ಕೂಗಿ ಹೇಳಿದ. ಅದಕ್ಕೆ ನಾಲ್ಕು. ಇದಕ್ಕೆ ನಿಮ್ಮ ಭಾಷೆಯಲ್ಲಿ ‘ಕನಿಷ್ಠ ಬಲಪ್ರಯೋಗ’.

ನಿನ್ನ ಕಾಗದವನ್ನು ಮೂರು ಸಲ ಓದಿದೆ. ಅವನ ಕೈ ಹೇಗಿದೆ ಎಂದು ಒಂದು ಕಡೆಯೂ ಕೇಳಿಲ್ಲ.

ಅವನ ಮೇಲಿರುವ ಕೇಸು ಸಾಬೀತಾದರೆ ಈ ವಯಸ್ಸಿನಲ್ಲಿ ಅವನು ಜೈಲಿಗೆ ಹೋಗುತ್ತಾನೆ. ಆದ್ದರಿಂದ ಮೇಲಧಿಕಾರಿಗಳಿಗೆ ಒಂದು ದೂರು ಬರೆದುಕೊಟ್ಟಿದ್ದೇನೆ. ಅವನು ಎಡಗೈಯಿಂದ ಹೆಬ್ಬೆಟ್ಟು ಒತ್ತಿದ. ಕೆಳಗೆ ಪ್ರತ್ಯಕ್ಷ ಸಾಕ್ಷಿ ಎಂಬಲ್ಲಿ ನನ್ನ ಹೆಸರು ಹಾಕಿದ್ದೇನೆ. ಎಂ.ಎ. ಎಂದೂ ಬರೆದೆ. ಅಪ್ಪನ ಕುರಿಗಳು ಓದಿಸಿದ ಎಂ.ಎ. ಇಷ್ಟಕ್ಕಾದರೂ ಉಪಯೋಗಕ್ಕೆ ಬರಲಿ.

ದೊಡ್ಡರಂಗಪ್ಪನ ಮಗಳು,
ಶಾಂತಕುಮಾರಿ


ಶಿರಾ
6 ಏಪ್ರಿಲ್ 2025

ಅಕ್ಕ,

ದೂರಿನ ಪ್ರತಿ ನನ್ನ ಮೇಜಿಗೇ ಬಂತು. ನಿನ್ನ ಅಕ್ಷರ ಲಕೋಟೆ ಮೇಲೇ ಗುರುತು ಸಿಕ್ಕಿತು. ಠಾಣೆಯಲ್ಲಿ ಎಲ್ಲರೂ ಓದಿದರು. ಒಬ್ಬ, ‘ಏನ್ ಕನ್ನಡ ಸಾರ್ ನಿಮ್ಮಕ್ಕಂದು, ನಿಮ್ ಮೇಲೆ ಬರೆದಿದ್ರೂ ಓದುಸ್ಕಂಡ್ ಹೋಗ್ತದೆ’ ಅಂದ.

ನೀನು ಮನಸ್ಸಿನಲ್ಲಿ ಒಂದು ಚಿತ್ರ ಬರೆದುಕೊಂಡಿದ್ದೀಯ. ಅಪ್ಪ, ಕೋಲು, ಕುರಿ, ಎಲ್ಲ ಪದ್ಯದ ಹಾಗೆ. ನೀನು ಹಾಸ್ಟೆಲಿನಲ್ಲಿದ್ದೆ. ರಜೆಗೆ ಬಂದು ಮರಿ ಎತ್ತಿ ಮುದ್ದಾಡಿ ಹೋಗುತ್ತಿದ್ದೆ. ಕಳ್ಳಂಬೆಳ್ಳದಲ್ಲಿ ಒಂಬತ್ತು ಕುರಿ ಸತ್ತದ್ದು ನಿನಗೆ ಕಾಗದದಲ್ಲಿ ಬಂದ ಸುದ್ದಿ. ನನಗೆ ಹಾಗಲ್ಲ. ಅಪ್ಪ ಹೊಡೆಯಲಿಲ್ಲ ಎಂದು ಬರೆದಿದ್ದೀಯ. ಸರಿ. ಮಾರನೇ ಬೆಳಿಗ್ಗೆ ಅದೇ ರಸ್ತೆಯಲ್ಲಿ ಅದೇ ಕೋಲನ್ನು ಮತ್ತೆ ನನ್ನ ಕೈಗೇ ಕೊಟ್ಟ. ‘ತಗಳ್ಳ, ಇವತ್ತೂ ನೀನೇ ಹಿಡಿ’ ಅಂದ. ಹೊಡೆದಿದ್ದರೆ ಚೆನ್ನಾಗಿತ್ತು. ಲಾರಿಗಳು ಬರುತ್ತಿದ್ದವು, ನನ್ನ ಚಡ್ಡಿ ಒದ್ದೆಯಾಯಿತು. ಇದನ್ನು ನಾನು ಯಾರಿಗೂ ಹೇಳಿಲ್ಲ. ಆ ಕೋಲು ಇನ್ನು ಯಾವತ್ತೂ ಹಿಡಿಯಬಾರದು ಎಂದೇ ನಾನು ಪೊಲೀಸ್ ಪರೀಕ್ಷೆ ಬರೆದದ್ದು.

ಇಲ್ಲಿ ಇಪ್ಪತ್ತು ವರ್ಷದಿಂದ ಬೆನ್ನ ಹಿಂದೆ ನನ್ನನ್ನು ಏನೆಂದು ಕರೆಯುತ್ತಾರೆ ಗೊತ್ತೇ? ಕುರಿ ಸಾಹೇಬ. ಆ ಮುದುಕ ‘ಲೇ’ ಅಂದಾಗ ಜೀಪಿನ ಪಕ್ಕ ಇಬ್ಬರು ಹೊಸ ಹುಡುಗರು ನಕ್ಕರು. ಜೋರಾಗೇ ನಕ್ಕರು. ಆಮೇಲೆ ಏನಾಯಿತೋ ನನಗೆ ಪೂರ್ತಿ ನೆನಪಿಲ್ಲ. ಐದು ಎಂದು ನೀನು ಬರೆದದ್ದಕ್ಕೆ ಐದು ಎಂದು ಗೊತ್ತಾಯಿತು.

ಈಗ ನನ್ನದೊಂದು ಪ್ರಶ್ನೆ. ನಾನು ನಿನ್ನನ್ನು ನೋಡಿದೆ ಅಕ್ಕ. ಮೂರನೇ ಕಿಟಕಿ. ನೀನೂ ನನ್ನನ್ನು ನೋಡಿದೆ. ಸೆರಗು ಮುಖಕ್ಕೆ ಎಳೆದುಕೊಂಡೆ. ಬಸ್ಸು ನಿಂತೇ ಇತ್ತು, ಬಾಗಿಲು ತೆಗೆದೇ ಇತ್ತು. ‘ಮೂರ್ತಿ’ ಅಂತ ಒಂದು ಸಲ ಕೂಗಿದ್ದರೆ ನನ್ನ ಕೈ ನಿಲ್ಲುತ್ತಿತ್ತು. ನೀನು ಯಾಕೆ ಇಳಿಯಲಿಲ್ಲ?

ಆ ಸಾಲು ಯಾರದ್ದು ಎಂದು ಕೇಳಿದ್ದೆಯಲ್ಲ. ನಿಂದೇ. ಬಿ.ಎ. ಎರಡನೇ ವರ್ಷ ನೀನು ಬರೆದದ್ದು, ಕಾಲೇಜಿನ ವಾರ್ಷಿಕ ಸಂಚಿಕೆಯಲ್ಲಿ ಬಂದಿತ್ತು. ಅಪ್ಪನಿಗೆ ನಾನೇ ಓದಿ ಹೇಳಿದ್ದೆ, ನನಗೆ ಬಾಯಿಪಾಠ.

‘ನಡೆದವರ ಹೆಜ್ಜೆ ದಾರಿಗೆ ನೆನಪಿರುತ್ತದೆ,
ಮರೆಯುವುದು ಬದಿಗೆ ನಿಂತು ನೋಡಿದವರು.’

ಎರಡನೇ ಸಾಲು ನಿನಗೆ ಯಾಕೆ ನೆನಪಾಗಲಿಲ್ಲ ಎಂದು ನನಗೆ ಗೊತ್ತು.

ಆಗಸ್ಟಿನಲ್ಲಿ ನನ್ನ ಎ.ಎಸ್.ಐ. ಬಡ್ತಿ ಇದೆ. ವಿಚಾರಣೆಗೆ ನೀನು ಬರದಿದ್ದರೆ ಇದು ಇಲ್ಲಿಗೇ ಮುಗಿಯುತ್ತದೆ. ಕೈ ಮುಗಿದು ಕೇಳುತ್ತೇನೆ.

ಮೂರ್ತಿ


ಮಧುಗಿರಿ
12 ಏಪ್ರಿಲ್ 2025

ಮೂರ್ತಿ,

ಹೌದು, ನಾನು ಇಳಿಯಲಿಲ್ಲ. ಪಕ್ಕದ ಹೆಂಗಸು ‘ಅಯ್ಯೋ ಯಾರಾದ್ರೂ ಹಿಡ್ಕಳ್ರಪ್ಪ’ ಎಂದಳು. ಆಗಷ್ಟೇ ಅವಳಿಗೆ ನಮ್ಮಪ್ಪನ ಕಥೆ ಹೇಳಿದ್ದೆ. ಹೊಡೆಯುತ್ತಿರುವವನು ಆ ಅಪ್ಪನ ಮಗ ಎಂದು ಅವಳಿಗೆ ಗೊತ್ತಾಗಬಾರದಿತ್ತು. ನನ್ನ ಮರ್ಯಾದೆಗಾಗಿ ಮುಖ ಮುಚ್ಚಿಕೊಂಡೆ. ನೀನು ನಿನ್ನ ಮರ್ಯಾದೆಗಾಗಿ ಹೊಡೆದೆ. ನಮ್ಮಿಬ್ಬರ ಮರ್ಯಾದೆಯ ನಡುವೆ ಕ್ಯಾತಪ್ಪನ ಕೈ ಮುರಿಯಿತು.

ಇದನ್ನು ಬರೆಯುವಾಗ ನಿನ್ನ ಮೇಲಿನ ಸಿಟ್ಟು ಒಂದು ಗುಲಗಂಜಿಯಷ್ಟೂ ಕಮ್ಮಿಯಾಗಿಲ್ಲ, ತಿಳಿದುಕೋ. ನನ್ನ ಮೇಲಿನದೂ ಅದಕ್ಕೆ ಸೇರಿದೆ.

ಎರಡು ಕಾಗದವಾಯಿತು. ಅವನ ಕೈ ಹೇಗಿದೆ ಎಂದು ನೀನಿನ್ನೂ ಕೇಳಿಲ್ಲ.

ವಿಚಾರಣೆಗೆ ಬರುತ್ತೇನೆ. ಈ ಸಲ ಬಸ್ಸಿನಿಂದ ಇಳಿಯುತ್ತೇನೆ.

ಅಕ್ಕ


ಮಧುಗಿರಿ
21 ಜೂನ್ 2025

ಮೂರ್ತಿ,

ಗುರುವಾರ ವಿಚಾರಣೆಯಲ್ಲಿ ನೀನೂ ಇದ್ದೆ. ಆದರೂ ಬರೆಯುತ್ತೇನೆ. ಬರೆಯದಿದ್ದರೆ ಆ ಕೋಣೆಯಲ್ಲಿ ನಡೆದದ್ದು ಅವರ ಟೈಪಿಸ್ಟನ ಹಾಳೆಯಲ್ಲಿ ಮಾತ್ರ ಉಳಿಯುತ್ತದೆ.

ಹೊರಗಿನಿಂದ ಬಂದ ಅಧಿಕಾರಿ ಕೆಟ್ಟವರೇನಲ್ಲ. ಕ್ಯಾತಪ್ಪನಿಗೆ ಕೂರಲು ಬೆಂಚು ಕೊಡಿಸಿದರು. ನಾನು ನೋಡಿದ್ದೆಲ್ಲ ಹೇಳಿದೆ. ಐದು ಏಟು, ಕೊನೆಯ ಎರಡು ಬಿದ್ದ ಮೇಲೆ. ಕೋಲನ್ನು ಅವನು ಎತ್ತಲಿಲ್ಲ, ಅಡ್ಡ ಹಿಡಿದಿದ್ದ ಎಂದೂ ಹೇಳಿದೆ. ಅವರು ಗಮನವಿಟ್ಟು ಕೇಳಿದರು. ಆಮೇಲೆ ಮೂಲೆಯಿಂದ ಆ ಕೋಲನ್ನು ತರಿಸಿದರು. ಅದಕ್ಕೊಂದು ರಟ್ಟಿನ ಚೀಟಿ ಕಟ್ಟಿದ್ದರು, ದನದ ಕಿವಿಗೆ ಕಟ್ಟುವ ಹಾಗೆ. ‘ಹೇಗೆ ಹಿಡಿದಿದ್ರಿ, ತೋರಿಸಿ’ ಎಂದರು ಕ್ಯಾತಪ್ಪನಿಗೆ.

ಅವನು ಎದ್ದು ನಿಂತ. ಎಡಗೈಯಲ್ಲಿ ತೆಗೆದುಕೊಂಡ. ಬಲಗೈಯ ಬೆರಳುಗಳು ಕೋಲನ್ನು ಸುತ್ತಿದವು, ಹಿಡಿಯಲಿಲ್ಲ. ಕೋಲು ಬಿತ್ತು. ಮತ್ತೆ ಎತ್ತಿಕೊಂಡ, ಮತ್ತೆ ಬಿತ್ತು. ಆ ಸದ್ದು ನಿನಗೂ ಕೇಳಿಸಿತು.

‘ಸಾಕು ಬಿಡಿ. ಮೇಡಂ, ನೀವು ನೋಡಿದ್ದೀರಲ್ಲ, ನೀವೇ ತೋರಿಸಿ’ ಎಂದರು.

ನಾನು ಕುರಿಗಾಹಿಯ ಮಗಳು, ನಲವತ್ತೆಂಟು ವರ್ಷದವಳು, ಆ ಕೋಲನ್ನು ನನ್ನ ಜನ್ಮದಲ್ಲಿ ಮುಟ್ಟಿರಲಿಲ್ಲ. ಹೆಣ್ಣುಮಕ್ಕಳ ಕೈಗೆ ಅದನ್ನು ಕೊಡುವುದಿಲ್ಲ ಎಂಬುದು ನಿನಗೂ ಗೊತ್ತು. ಹಿಡಿದೆ. ಕೈ ತಾನಾಗಿ ಮೇಲೆ ಹೋಯಿತು. ತಲೆಗಿಂತ ಮೇಲೆ. ಯಾಕೆಂದು ಬಸ್ಸಿನಲ್ಲಿ ವಾಪಸ್ ಬರುವಾಗ ಹೊಳೆಯಿತು. ಅಪ್ಪ ಕೋಲು ಹಿಡಿದು ನಿಂತಾಗ ನಾನು ಚಿಕ್ಕವಳು, ಅವನ ಹಿಂದೆ ಮರಿಗಳ ಜೊತೆ ದಾಟುತ್ತಿದ್ದೆ. ನನಗೆ ಅದು ಯಾವಾಗಲೂ ತಲೆಯ ಮೇಲೆಯೇ ಕಂಡದ್ದು. ಕಣ್ಣಿಗೆ ಫೆಬ್ರವರಿಯದು ಗೊತ್ತಿತ್ತು, ಕೈಗೆ ಐದು ವರ್ಷದ ಹುಡುಗಿಯದು ಮಾತ್ರ ಗೊತ್ತಿತ್ತು.

ಕ್ಯಾತಪ್ಪ ಬೆಂಚಿನಿಂದ ಎದ್ದ. ‘ಅಂಗಲ್ಲ ಕಣವ್ವ! ಎದೆಗೆ, ಎದೆಗೆ! ಮೊಣಕೈ ಪಕ್ಕೆಗ್ ಅಮುಕ್ಕ!’ ಎಂದು ಕೂಗಿದ. ಮಧ್ಯೆ ಮಾತಾಡಬಾರದು ಎಂದು ಅವನನ್ನು ಕೂರಿಸಿದರು. ನಾನು ‘ತಪ್ಪಾಯಿತು, ಇಷ್ಟು ಮೇಲಲ್ಲ’ ಎಂದೆ. ಟೈಪಿಸ್ಟ್ ತಲೆ ಎತ್ತದೆ, ‘ತೋರಿಸಿದ್ದನ್ನು ತೋರಿಸಿದಂಗೆ ಬರೀಬೇಕು ಮೇಡಂ’ ಎಂದ. ಬರೆದ. ದೂರುದಾರರ ಪರವಾದ ಸಾಕ್ಷಿಯು ಕೋಲನ್ನು ತಲೆಯ ಮೇಲೆ ಎತ್ತಿ ಹಿಡಿದು ತೋರಿಸಿರುತ್ತಾರೆ. ನಿನ್ನ ಸುಳ್ಳಿಗೆ ಕೊನೆಗೆ ನನ್ನ ಕೈಯೇ ರುಜು ಹಾಕಿತು.

ಆ ಕೋಣೆಯಲ್ಲಿ ಅದು ತಪ್ಪು ಎಂದು ಗೊತ್ತಿದ್ದವರು ಇಬ್ಬರು. ಒಬ್ಬ ಕ್ಯಾತಪ್ಪ, ಅವನ ಮಾತು ಯಾರೂ ಬರೆದುಕೊಳ್ಳುವುದಿಲ್ಲ. ಇನ್ನೊಬ್ಬ ನೀನು. ಎದುರಿನ ಕುರ್ಚಿಯಲ್ಲಿ, ಟೋಪಿ ತೊಡೆಯ ಮೇಲೆ. ನಾನು ಕೋಲು ಎತ್ತಿದಾಗ ನಿನ್ನ ಎರಡು ಕೈ ಟೋಪಿ ಬಿಟ್ಟು ಎದೆಯ ತನಕ ಬಂದವು. ನಾನು ನೋಡಿದೆ. ಆ ಕೈಗಳಿಗೆ ಗೊತ್ತಿತ್ತು. ಆಮೇಲೆ ಅವು ಕೆಳಗಿಳಿದು ಟೋಪಿ ಹಿಡಿದುಕೊಂಡವು. ನೀನು ಕಿಟಕಿಯ ಕಡೆ ನೋಡಿದೆ.

ಹೊಡೆದದ್ದಕ್ಕಿಂತ ಇದು ಕೆಟ್ಟದ್ದು ಮೂರ್ತಿ. ಹೊಡೆಯುವಾಗ ಅರ್ಧ ಕ್ಷಣವಷ್ಟೇ ಇತ್ತು ಎಂದು ನೀನು ಅಂದೆ. ನಕ್ಕರು ಎಂದೆ. ಇಲ್ಲಿ ಯಾರೂ ನಗಲಿಲ್ಲ. ಯಾರೂ ಅವಸರ ಮಾಡಲಿಲ್ಲ. ಸರ್ಕಾರ ನಿನಗೆ ಕೊಟ್ಟ ಬಲವೆಂದರೆ ಲಾಠಿಯೊಂದೇ ಎಂದುಕೊಂಡಿದ್ದೆ. ಸುಮ್ಮನೆ ಕೂತು ಒಬ್ಬನನ್ನು ಜೈಲಿಗೆ ಕಳಿಸುವ ಬಲವೂ ಅದರ ಜೊತೆಗೇ ಬರುತ್ತದೆ ಎಂದು ಗುರುವಾರ ಕಲಿತೆ.

30ನೇ ತಾರೀಕು ಸೋಮವಾರ ಕೊನೆಯ ದಿನ. ಅಲ್ಲಿಯ ತನಕ ಯಾರಾದರೂ ಹೊಸದಾಗಿ ಹೇಳುವುದಿದ್ದರೆ ಹೇಳಬಹುದು ಎಂದಿದ್ದಾರೆ. ನಾನು ಮತ್ತೆ ಹೋಗುತ್ತೇನೆ, ನನ್ನ ಕೈ ತಪ್ಪಿತು ಎನ್ನುತ್ತೇನೆ. ಅವರು ನಂಬಬೇಕಾಗಿಲ್ಲ. ಕ್ಯಾತಪ್ಪ ಮೊನ್ನೆ ಬಸ್‌ಸ್ಟ್ಯಾಂಡಿನಲ್ಲಿ ನನಗೇ ಸಮಾಧಾನ ಹೇಳಿದ: ‘ಬುಡವ್ವ, ನಿಂಗ್ಯಾರ್ ಕಲ್ಸಿದ್ರು.’ ಕರಿಯಕ್ಕ ಮುಖ ತಿರುಗಿಸಿಕೊಂಡು ಬಸ್ಸು ಹತ್ತಿದಳು.

ಇದು ನಿನಗೆ ನನ್ನ ಕೊನೆಯ ಕಾಗದ. ಇನ್ನು ಮುಂದೆ ನನ್ನ ಮನೆಗೆ ಬರುವುದಾದರೆ ಅವನ ಕೈ ಹೇಗಿದೆ ಎಂದು ಕೇಳಿಕೊಂಡು ಬಾ. ಇಲ್ಲದಿದ್ದರೆ ಬರಬೇಡ.

ಶಾಂತಕುಮಾರಿ

ತಾ.ಕ.: ಭಾನುವಾರ, 22. ಲಕೋಟೆ ಅಂಟಿಸಿ ಇಟ್ಟಿದ್ದೆ. ಈಗ ಬಿಚ್ಚಿ ಇದನ್ನು ಬರೆಯುತ್ತಿದ್ದೇನೆ. ಬೆಳಿಗ್ಗೆ ನಾನು ಮಾರ್ಕೆಟ್ಟಿಗೆ ಹೋಗಿ ಬಂದು ಬೀಗ ತೆಗೆಯುತ್ತಿದ್ದ ಹಾಗೆ ಪಕ್ಕದ ಮನೆಯ ಪಟಾಲಮ್ಮ ಸೊಂಟಕ್ಕೆ ಸೆರಗು ಸಿಕ್ಕಿಸಿಕೊಂಡು ಜಗಳಕ್ಕೆ ಬಂದವಳಂತೆ ಬಾಗಿಲಿಗೆ ಬಂದಳು. ಅವಳು ಹೇಳಿದ್ದನ್ನು ಹಾಗೇ ಬರೆಯುತ್ತೇನೆ. ನನ್ನದೇನೂ ಸೇರಿಸುವುದಿಲ್ಲ.

‘ನಿನ್ ತಮ್ಮ ಬಂದಿದ್ದ ಕಣಮ್ಮ. ಬಿಳೀ ಶರ್ಟು, ಪೊಲೀಸ್ ಬಟ್ಟೆ ಇರ್ಲಿಲ್ಲ. ಅಕ್ಕ ಇಲ್ಲ, ಕೂತ್ಕಳಪ್ಪ ಅಂದ್ರೆ ಕೂರ್ಲಿಲ್ಲ. “ಆ ಯಜಮಾನ್ರ ಕೈ ಹೆಂಗದೆ?” ಅಂತ ನನ್ನ ಕೇಳ್ತಾನೆ. ಯಾವ ಯಜಮಾನ್ರು? ನಂಗೇನ್ ಗೊತ್ತು, ಗೊತ್ತಿಲ್ಲ ಅಂದ್ಬುಟ್ಟೆ. ಆಮೇಲೇನ್ ಮಾಡ್ದ ಗೊತ್ತಾ? ನಾನು ಆಗ್ತಾನೆ ಬಟ್ಟೆ ಒಣಗಾಕಿದ್ದ ಗಳ ಇತ್ತಲ್ಲ, ಅದನ್ನ ಸರಕ್ ಅಂತ ಎಳ್ಕಂಡ, ಸೀರೆ ಎಲ್ಲ ಮಣ್ಣು! ಬೀದಿ ಮಧ್ಯಕ್ ಹೋಗಿ ಹಿಂಗೆ ಎದೆಗೆ ಅಡ್ಡ ಹಿಡ್ಕಂಡು, ಮೊಣಕೈ ಪಕ್ಕೆಗೆ ಅಮುಕ್ಕಂಡು ನಿಂತ್ಕಂಡ. “ನೋಡ್ಕಳಿ, ಅಕ್ಕಂಗೆ ಹೇಳಿ, ಹಿಡಿಯೋದು ಹಿಂಗೆ. ಮೂವತ್ತನೇ ತಾರೀಕು ಅವಳು ಹಿಡಿಯೋದ್ ಬ್ಯಾಡ, ನಾನೇ ಹಿಡಿದು ತೋರಿಸ್ತೀನಿ” ಅಂದ. ಅಷ್ಟರಲ್ಲಿ ಆ ಮೂಲೆಯಿಂದ ನೀರಿನ ಟ್ಯಾಂಕರ್ ಬಂತು. ಹಾರನ್ ಹೊಡೀತಾನೆ, ಹೊಡೀತಾನೆ, ನನ್ ಕಿವಿ ತೂತಾಯ್ತು. ಸರಿಯಪ್ಪ ಅಂತ ನಾನೂ ಕೂಗ್ದೆ. ಮೈಯೆಲ್ಲ ನಡುಗ್ತಿತ್ತು ಕಣಮ್ಮ ಅವನಿಗೆ. ಗಳ ಮಾತ್ರ ಇಳಿಸ್ಲಿಲ್ಲ.’